ತಲುಪದವುಗಳ ಸಾಲಿನಲ್ಲಿ ಒಂದು

ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಹಳೆಯ ಸರ್ವರ್ ಶಾಶ್ವತವಾಗಿ ಆರಿಸಬೇಕೆಂದು ಟ್ರೆವರ್‌ನ ಅಪ್ಪಣೆ. ಅವನು ನಮ್ಮ ಹೊಸ ಮ್ಯಾನೇಜರ್; ಆ್ಯಪ್‌ಗಳ ಒಳಗಿಂದ ಸಂದೇಶ ಸಾಗಿಸುವ ಈ ಮಿಡಲ್‌ವೇರ್ ತಂತ್ರಾಂಶವನ್ನು ನಾವು ಕಟ್ಟುವಾಗ ಇನ್ನೂ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದನೋ ಏನೋ. ಹರಟೆಯ ಆ್ಯಪ್, ವಿಡಿಯೋ ಆ್ಯಪ್ ಮಾಡಿದವರೆಲ್ಲ ಹೆಸರು ಗಳಿಸಿದರು. ಅವುಗಳೊಳಗೆ ಕೂತು ಮಾತು, ಚಿತ್ರ ಹೊತ್ತು ಮುಟ್ಟಿಸಿದವರು ನಾವು. ಮದುವೆ ಊಟ ಉಂಡವರು ಅಡುಗೆಯವರನ್ನು ನೆನೆಯುತ್ತಾರೆಯೇ, ಬಿಡಿ!

ವಾಟರ್ಲೂ ಊರಿನ ಆ ಮೊದಲ ಕೋಣೆಯಲ್ಲಿ ನಾನು, ಜೊತೆಗಾರ ಲೋರ್ನ್ ಇಬ್ಬರೇ. ಮೇಜುಗಳ ನಡುವೆ ಒಂದು ಮಾರು ಅಂತರ. ಆದರೂ ಬಾಯಿಬಿಟ್ಟು ಮಾತಾಡುವಂತಿಲ್ಲ. ಊಟಕ್ಕೆ ಕರೆಯುವುದಿದ್ದರೂ, ಸಂದೇಶ ಸರಿಯಾಗಿ ಹೋಗುತ್ತದೆಯೇ ಎಂದು ನೋಡಲು ಮಾಡಿಕೊಂಡಿದ್ದ ಅವನ ಪರೀಕ್ಷೆಯ ಖಾತೆಯಿಂದ ನನ್ನ ಪರೀಕ್ಷೆಯ ಖಾತೆಗೆ, ನಮ್ಮ ಸರ್ವರ್ ಮೂಲಕವೇ. ಎಂಥಾ ದಿನಗಳವು!

ತಲುಪದ ಸಂದೇಶವನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು? ಜಗಳವಾದದ್ದು ಅದಕ್ಕೇ.

"ಮೂವತ್ತು ದಿನ ಸಾಕು. ಆಮೇಲೆ ಅಳಿಸಿ ಬಿಸಾಕು," ಎಂದೆ.

"ಕಳ್ಸಿದೋರ ಗತಿ ಏನೇ? ಕಲ್ಲೆದೆ ಕಣೆ ವೆರ್ನಾ ನಿಂದು."

"ನಿಂದು ಗುಜರಿ ಅಂಗ್ಡಿ!"

ಮಾತಿಗೆ ಮಾತು ಬೆಳೆದು ಅವನು ಕೆಲಸ ಬಿಟ್ಟ. ನಾನು ಅವನ ನಂಬರ್ ಅಳಿಸಿದೆ, ಪರೀಕ್ಷೆಯ ಖಾತೆಯತ್ತ ಒಂಬತ್ತು ವರ್ಷ ತಲೆಹಾಕಲಿಲ್ಲ. ತಲುಪುವ ತನಕ ಅಳಿಸಬಾರದೆಂಬ ಅವನ ನಿಯಮ ಬದಲಿಸಲು ಮಾತ್ರ ಕೈ ಬರಲಿಲ್ಲ.

ಆರಿಸುವ ಮುನ್ನ ತಲುಪದವುಗಳ ಸಾಲು ನೋಡಿದೆ. ಒಂದೇ ಒಂದು ಉಳಿದಿತ್ತು. ಅವನು ಕೆಲಸ ಬಿಟ್ಟ ವಾರ ನನಗೆ ಕಳಿಸಿದ ವಿಡಿಯೋ. ನನ್ನ ಮನೆ ಗೊತ್ತಿತ್ತು, ಫೋನಿತ್ತು. ಆ ಮಂಕ ಮಾತ್ರ ಪರೀಕ್ಷೆಯ ಖಾತೆಗೆ ಕಳಿಸಿದ್ದಾನೆ! ತೆರೆದೆ.

"ವೆರ್ನಾ, ಕೂಗಾಡಿದ್ದು ನಂದೇ ತಪ್ಪು ಕಣೆ. ನಿನ್ನ ಲೆಕ್ಕದಂತೆ ಮೂವತ್ತು ದಿನ ಕಾಯ್ತೀನಿ. ಉತ್ತರ ಬರ್ಲಿಲ್ಲ ಅಂದ್ರೆ ನಿಂಗೆ ನಾನು ಬೇಡ ಅಂತ ತಿಳ್ಕೋತೀನಿ."

ಇಷ್ಟು ವರ್ಷ ಅವನೇ ಸೊಕ್ಕಿನವನೆಂದು ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ!

"ಆಯ್ತಾ ವೆರ್ನಾ? ಇನ್ನು ಹತ್ತೇ ನಿಮಿಷ," ಬಾಗಿಲಲ್ಲಿ ಟ್ರೆವರ್.

"ತಡ್ಕೊಳಯ್ಯ, ಪ್ರಾಣ ತಿನ್ಬೇಡ!"

ಲೋರ್ನ್‌ನ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಿತ್ತು. ಪುಣ್ಯಾತ್ಮ, ತನ್ನ ಖಾತೆಯನ್ನು ಮುಚ್ಚಿಯೇ ಇರಲಿಲ್ಲ. ಬರೆದೆ: "ಇವತ್ತು ತಲುಪ್ತು ಕಣೋ. ಕಾಫಿಗೆ ಬರ್ಲಾ?"

ಒಂದು ನಿಮಿಷ. ಐದು. ಟ್ರೆವರ್ ಗಂಟಲು ಸರಿಮಾಡಿಕೊಂಡ. ಇನ್ನೆರಡು ನಿಮಿಷವಿದೆ ಎನ್ನುವಾಗ ಉತ್ತರ ಬಂತು.

"ಬಾರೇ. ಡಾಕ್ಟ್ರು ನಂಗೆ ಕಾಫಿ ಬಿಡ್ಸಿದಾರೆ. ನೀನು ಕುಡಿ, ನಾನು ನೋಡ್ತಾ ಕೂತಿರ್ತೀನಿ."