ತವರಿನ ಹುಲ್ಲು

ರುಮಾಲಿನ ಒಂದು ತುದಿ ಗುರುಶಾಂತವ್ವನ ಕೈಯಲ್ಲಿತ್ತು, ಇನ್ನೊಂದು ತುದಿ ಸೊಸೆ ಇಂದ್ರವ್ವನ ಕೈಯಲ್ಲಿ. ಪಡಸಾಲೆಯ ಉದ್ದಕ್ಕೂ ಜಗ್ಗಿ ಹಿಡಿದ ಆ ಗುಲಾಬಿ ಬಟ್ಟೆಗೆ ಇಬ್ಬರೂ ಬೆರಳಿನಿಂದ ನೆರಿಗೆ ಕೂಡಿಸುತ್ತ ಒಂದೊಂದೇ ಹೆಜ್ಜೆ ಹತ್ತಿರವಾಗುತ್ತಿದ್ದರು. ಮಾತಿರಲಿಲ್ಲ. ಯಜಮಾನ ಗುರುಸಿದ್ಧಪ್ಪನವರು ಪೇಟೆಗೆ ಹೊರಟು ಹೊಸ್ತಿಲು ದಾಟುವವರೆಗೆ ಆ ಮನೆಯಲ್ಲಿ ಬಳೆಯ ಸಪ್ಪಳ ಕೂಡ ಆಗಬಾರದು.

ಗುರುಶಾಂತವ್ವನ ಕಣ್ಣು ನೆರಿಗೆಯ ಮೇಲಿರಲಿಲ್ಲ, ಸೊಸೆಯ ಮೂಗಿನ ಮೇಲಿತ್ತು. ಮೂಗಿನ ತುದಿ ಕೆಂಪಾಗಿ ಅದುರುತ್ತಿತ್ತು. ರೆಪ್ಪೆ ಊದಿಕೊಂಡು ಕಣ್ಣಿಂದ ನೀರು ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಬಟ್ಟೆ ಇದ್ದುದರಿಂದ ಒರೆಸಿಕೊಳ್ಳುವ ಹಾಗಿರಲಿಲ್ಲ. ಅತ್ತೆ ಬೇಡವೆಂದು ತಲೆಯಾಡಿಸಿದಳು. ಹುಡುಗಿ ತುಟಿ ಕಚ್ಚಿ ಉಸಿರು ಬಿಗಿಹಿಡಿದಳು.

ಗುರುಸಿದ್ಧಪ್ಪನವರು ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಬಂದರು. ರುಮಾಲು ಸುತ್ತಿಕೊಂಡರು. ಬಲಗಾಲು ಎತ್ತಿ ಹೊಸ್ತಿಲಾಚೆ ಇಡಬೇಕು, ಅಷ್ಟರಲ್ಲಿ ಒಳಗಿನಿಂದ ಸೀನು ಬಂತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಕಟ್ಟೆಯೊಡೆದ ನೀರಿನಂತೆ ಹುಡುಗಿ ಬಗ್ಗಿ, ಎದೆ ಹಿಡಿದುಕೊಂಡು ಸೀನುತ್ತಲೇ ಹೋದಳು.

ಗುರುಸಿದ್ಧಪ್ಪನವರು ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಮಣೆಯ ಮೇಲೆ ಕುಳಿತರು.

“ಒಂದ ಸೀನಿದರ ಕೆಡಕು, ಎರಡ ಸೀನಿದರ ಒಳ್ಳೇದು ಅಂತಾರ. ಹಿಂಗ ಮಳಿ ಹೊಡದಂಗ ಸೀನಿದರ ಏನಂತ ಯಾವ ಪಂಚಾಂಗದಾಗೂ ಬರದಿಲ್ಲ. ನೀರ ತಾ. ಪ್ಯಾಟಿಯೊಳಗ ಮಂದಿ ನನ್ನ ದಾರಿ ಕಾಯಕೋತ ಕುಂತಾರ, ನಾ ಇಲ್ಲಿ ಸೊಸಿ ಸೀನು ಎಣಿಸಿಕೋತ ಕುಂತೇನಿ,” ಎಂದರು.

ಸಾಂಗ್ಲಿಯ ಪೇಟೆಯಲ್ಲಿ ಅವರದು ಅರಿಷಿಣ, ಬೆಲ್ಲದ ದಲಾಲಿ ಮಾಡುವ ಅಡತಿ ಅಂಗಡಿ. ಅಲ್ಲಿ ದರ ಬಾಯಲ್ಲಿ ಆಡುವುದಿಲ್ಲ. ಕೊಡುವವನೂ ಕೊಳ್ಳುವವನೂ ಒಂದು ವಸ್ತ್ರದಡಿ ಕೈ ಸೇರಿಸಿ ಬೆರಳು ಹಿಡಿದು ಸೌದಾ ಮುಗಿಸುತ್ತಾರೆ. ನಡುವೆ ಯಾರಾದರೂ ಸೀನಿದರೆ ಕೈ ಬಿಡಿಸಿಕೊಂಡು ಎದ್ದು ಹೋಗುತ್ತಾರೆ. ಪೇಟೆಯ ಆ ಅಂಜಿಕೆ ಮನೆಯೊಳಗೂ ಬಂದು ಕೂತಿತ್ತು.

ಗುರುಶಾಂತವ್ವನ ಅಂಜಿಕೆಗೆ ಬೇರೆಯೇ ಬೇರಿತ್ತು. ಹಿರಿಯ ಮಗ ಧರೆಪ್ಪ ಒಂದು ಮಳೆಗಾಲದಲ್ಲಿ ಕೃಷ್ಣೆಯ ಆಚೆ ದಂಡೆಗೆ ವಸೂಲಿಗೆ ಹೊರಟಾಗ, ರೊಟ್ಟಿಯ ಗಂಟು ಅವನ ಕೈಗಿಡುತ್ತ ಅವಳೇ ಸೀನಿದ್ದಳು. “ಅವ್ವಾ, ಖಾರ ಕುಟ್ಟೀಯೇನ?” ಎಂದು ನಕ್ಕು ಹೋದ ಮಗ ನಡುಹೊಳೆಯಲ್ಲಿ ನಾವೆ ಮಗುಚಿ ತಿರುಗಿ ಬರಲಿಲ್ಲ. ಅಂದಿನಿಂದ ಗಂಡಸರು ಹೊರಡುವ ಹೊತ್ತಿಗೆ ಅವಳು ತನ್ನ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುಂಬಿಕೊಂಡು ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಸೊಸೆ ಬಂದ ಮೇಲೆ ಅವಳಿಗೂ ಅದನ್ನೇ ಕಲಿಸಿದಳು.

ಇಂದ್ರವ್ವ ಬಂದ ಮೊದಲ ವರ್ಷ ಅವಳ ಸೀನನ್ನು ನೆಗಡಿ ಎಂದುಕೊಂಡಿದ್ದರು. ಶುಂಠಿ ಬೆಲ್ಲ ತಿನ್ನಿಸಿದರು, ಅಜವಾನದ ಹೊಗೆ ಹಾಕಿದರು, ಮೂಗಿಗೆ ಬೆಚ್ಚನೆಯ ತುಪ್ಪ ಬಿಟ್ಟರು. ಮಳೆ ನಿಂತು ಹುಲ್ಲು ತೆನೆಗಟ್ಟುವ ಹೊತ್ತಿಗೆ ಎರಡನೆಯ ವರ್ಷವೂ ಅದೇ ಪಾಡಾಯಿತು, ಮೊದಲಿಗಿಂತ ಜೋರಾಗಿ. ಅರಿಷಿಣದ ಹೊಗೆ ಕೊಟ್ಟರೆ ಕೆಮ್ಮು ಹೆಚ್ಚಿತೇ ಹೊರತು ಸೀನು ನಿಲ್ಲಲಿಲ್ಲ. ಕೊನೆಗೆ ಓಣಿಯ ಮುದುಕಿಯೊಬ್ಬಳು ಕೆಂಡವಾದ ಅರಿಷಿಣದ ಕೊಂಬನ್ನು ಹುಬ್ಬುಗಳ ನಡುವೆ ಒತ್ತಿದರೆ ನಿಲ್ಲುತ್ತದೆ ಎಂದಳು. ಇಂದ್ರವ್ವನ ಕೈ ಹಿಡಿದುಕೊಂಡವಳು ಗುರುಶಾಂತವ್ವನೇ. ಹುಡುಗಿ ಕೂಗಲಿಲ್ಲ. ಗಾಯ ಮಾಗಿ ಕಪ್ಪು ಕಲೆಯಾಯಿತು. ಸೀನು ಹಾಗೇ ಇತ್ತು.

ಭಿಕ್ಷೆಗೆಂದು ಮನೆಗೆ ಬರುವ ಜಂಗಮ ಕಲ್ಲಯ್ಯನವರು ಆ ಕಲೆ ನೋಡಿ ಬೇಸರಪಟ್ಟರು. “ಲಿಂಗ ಕಟಗೊಂಡ ಮನ್ಯಾಗ ಶಕುನಾ ಯಾಕ ನೋಡ್ತೀರಿ, ತಾಯಿ? ಸೀನು ಅನ್ನೂದು ದೇಹದ ಗುಣ. ಹಸಿವ್ಯಾದಂಗ, ನಿದ್ದಿ ಬಂದಂಗ.”

“ನಿಮ್ಮ ಮಾತು ಖರೆ ಅಯ್ಯಾವ್ರ,” ಎಂದಳು ಗುರುಶಾಂತವ್ವ, ಅವರ ಜೋಳಿಗೆಗೆ ಹಿಟ್ಟು ಹಾಕುತ್ತ. “ಆದರ ಹೊಳಿ ನನ್ನ ಮಗನ್ನ ಒಯ್ಯೂಮುಂದ ನಿಮ್ಮ ಮಾತು ಕೇಳಲಿಲ್ಲ.”

ಅಯ್ಯನವರು ಜೋಳಿಗೆ ಹೆಗಲಿಗೇರಿಸಿಕೊಂಡು ಮುಂದಿನ ಮನೆಗೆ ನಡೆದರು.

ಕಿರಿಯ ಮಗ ಕಾಡಪ್ಪ ಒಂದು ದಿನ ಹೆಂಡತಿ ಇಂದ್ರವ್ವನನ್ನು ರೈಲು ಹತ್ತಿಸಿ ಮಿರಜಿನ ಆಸ್ಪತ್ರೆಗೆ ಕರೆದೊಯ್ದ. ಸಂಜೆ ತಿರುಗಿ ಬಂದವನು ಕೈಯಲ್ಲಿ ಗುಳಿಗೆಯ ಪೊಟ್ಟಣ ಹಿಡಿದು ತಾಯಿಯ ಮುಂದೆ ನಿಂತ.

“ಡಾಕ್ಟರಬಾಯಿ ನೋಡಿದ್ರವ್ವಾ. ನೆಗಡಿ ಅಲ್ಲಂತ. ಒಣಹುಲ್ಲಿನ ಧೂಳು ಆಕಿ ಮೈಗೆ ಆಗೂದಿಲ್ಲಂತ. ಹುಲ್ಲಿನ ಸಮೀಪ ಬಿಡಬ್ಯಾಡ್ರಿ, ಇಲ್ಲಂದ್ರ ಉಸರ ಹಿಡಕೋತದ ಅಂದ್ರು. ಮಂಚ ಮ್ಯಾಲಿನ ಖೋಲಿಗೆ ಹಾಕ್ರಿ, ಕಿಡಕಿ ಮುಚ್ಚಿ ಮಲಗಲಿ ಅಂದ್ರು.”

ಗುರುಶಾಂತವ್ವನಿಗೆ ನಗು ಬಂತು. “ಲಿಂಗನೂರ ಒಕ್ಕಲಿಗನ ಮಗಳು! ಹುಲ್ಲಿನ್ಯಾಗ ಹುಟ್ಟಿ ಹುಲ್ಲಿನ್ಯಾಗ ಬೆಳದಾಕಿ. ಆಕಿಗೆ ಹುಲ್ಲು ಆಗೂದಿಲ್ಲಂತ! ನಾಳೆ ಮೀನಿಗೆ ನೀರು ಆಗೂದಿಲ್ಲ ಅಂತಾರ ನಿನ್ನ ಡಾಕ್ಟರಬಾಯಿ.”

“ಅವ್ವಾ, ಅವರು ಕಲತವರು.”

“ಕಲಿತಿರಬಹುದು. ಮ್ಯಾಲಿನ ಖೋಲಿ ಎಲ್ಲೈತಿ? ಸೀದಾ ತಲಬಾಗಿಲ ಮ್ಯಾಲ. ನಿಮ್ಮಪ್ಪ ಹೊಂಟಾಗ ಆಕಿ ಅವರ ನೆತ್ತಿ ಮ್ಯಾಲ ಕುಂತ ಸೀನಲೇನು?”

ಕಾಡಪ್ಪ ತಂದೆಯ ಕಡೆ ನೋಡಿದ. ಗುರುಸಿದ್ಧಪ್ಪನವರು ಅಡಿಕೆ ಕತ್ತರಿಸುತ್ತಿದ್ದರು, ತಲೆಯೆತ್ತಲಿಲ್ಲ. “ಹೆಂಗಸರ ಮಾತು ಹೆಂಗಸರು ಮುಗಿಸಿಕೋರಿ. ನಂಗ ಹೊಸ್ತಿಲ ದಾಟೂಮುಂದ ಸಪ್ಪಳ ಬ್ಯಾಡ,” ಎಂದರು.

ಗುರುಶಾಂತವ್ವ ಅದನ್ನು ಮುಗಿಸಿದ್ದು ಹೀಗೆ. ಹಿತ್ತಿಲಲ್ಲಿ, ದನದ ಕೊಟ್ಟಿಗೆಗೂ ಆಚೆ, ಹುಲ್ಲು ತುಂಬುವ ಕೋಣೆಯಿತ್ತು. ದಪ್ಪ ಮಣ್ಣಿನ ಗೋಡೆ, ಎತ್ತರದಲ್ಲಿ ಒಂದೇ ಗವಾಕ್ಷಿ. ಅಲ್ಲಿ ಸೀನಿದರೆ ತಲೆಬಾಗಿಲಿಗೆ ಕೇಳಿಸುವುದಿಲ್ಲ. ಮನೆಯಲ್ಲಿ ಹಾಗೆ ಕೇಳಿಸದ ಜಾಗ ಅದೊಂದೇ. ಮರುದಿನದಿಂದ ಯಜಮಾನರ ಸ್ನಾನಕ್ಕೆ ನೀರು ತೋಡಿಟ್ಟ ಕೂಡಲೇ ಇಂದ್ರವ್ವ ಹಿತ್ತಿಲಿಗೆ ನಡೆಯಬೇಕು. ಗಾಳಿಗೆ ಬಾಗಿಲು ತೆರೆಯಬಾರದೆಂದು ಗುರುಶಾಂತವ್ವ ಹೊರಗಿನಿಂದ ಕೊಂಡಿ ಹಾಕುತ್ತಿದ್ದಳು. ಯಜಮಾನರು ಹೋದ ಮೇಲೆ ತೆಗೆಯುತ್ತಿದ್ದಳು. ಒಳಗಿನಿಂದ ಬರುವ ಹುಡುಗಿಯ ಕಣ್ಣು ಮುಚ್ಚಿಹೋಗುವಷ್ಟು ಊದಿರುತ್ತಿತ್ತು. ಎದೆಯೊಳಗೆ ಹಳೆಯ ತಿದಿ ಒತ್ತಿದ ಹಾಗೆ ಸುಂಯ್ ಎಂದು ಸಪ್ಪಳ.

“ಅತ್ತಿ, ನಂಗ ಬ್ಯಾರೆ ಎಲ್ಲರ ಇಡ್ರಿ. ಬಚ್ಚಲದಾಗ ಇಡ್ರಿ ಬೇಕಾರ,” ಎಂದಳು ಒಮ್ಮೆ.

“ಬಚ್ಚಲದಾಗ ಮಾವನವರು ಜಳಕಾ ಮಾಡಬೇಕೋ, ನೀ ಕುಂದರಬೇಕೋ? ಒಂದ ತಾಸಿನ ಮಾತು, ಹುಡಗಿ. ನಾ ಇಷ್ಟು ವರ್ಷ ಸೆರಗ ಕಚ್ಚಿ ನಿಂತೇನಿ. ಸತ್ತೇನೇನು?”

ಕಾಡಪ್ಪನಿಗೆ ಎಲ್ಲವೂ ಗೊತ್ತಿತ್ತು. ಅವನು ಅಂಗಡಿಯ ಬಾಗಿಲು ತೆರೆಯಬೇಕೆಂದು ಈಗೀಗ ತಂದೆಗಿಂತ ಮೊದಲೇ ಮನೆ ಬಿಡುತ್ತಿದ್ದ.

ದೀಪಾವಳಿಗೆ ಇಂದ್ರವ್ವನ ತಂದೆ ಧೋಂಡಪ್ಪ ಲಿಂಗನೂರಿನಿಂದ ಗಾಡಿ ಕಟ್ಟಿಕೊಂಡು ಬಂದ. ಬೀಗರ ಮನೆಯ ಎಮ್ಮೆ ಆಕಳಿಗೆಂದು ಗಾಡಿ ತುಂಬ ಹೊಸ ಹುಲ್ಲು ಹೇರಿದ್ದ, ಬಾಚಿದ ಕೂದಲಿನಂತೆ ಅಂದವಾಗಿ. ತಾನೇ ಹೊತ್ತು ಕೋಣೆಯೊಳಗೆ ಒಟ್ಟಿದ. ಗವಾಕ್ಷಿಯೂ ಮುಚ್ಚುವ ಹಾಗೆ ಒಟ್ಟಿ, ಮೈ ಕೊಡವಿಕೊಂಡು, ದೂರ ನಿಂತಿದ್ದ ಮಗಳನ್ನು ನೋಡಿದ.

“ಹಣಿಗೆ ಏನಾತು?”

“ಎಣ್ಣಿ ಸಿಡೀತು, ಅಪ್ಪಾ.”

ಧೋಂಡಪ್ಪ ಬೀಗತಿಯ ಕಡೆ ತಿರುಗಿ ನಕ್ಕ. “ಒಲಿ ಮುಂದ ಇರಲಿ ಬಿಡ್ರಿ, ಅದು ಚಲೋ. ಈ ಹುಲ್ಲಿನ ಹಂತ್ಯಾಕ ಮಾತ್ರ ಬಿಡಬ್ಯಾಡ್ರಿ. ಸಣ್ಣಾಕಿ ಇದ್ದಾಗಿಂದ ಧೂಳು ಆಗೂದಿಲ್ಲ. ನಾವು ಸುಗ್ಗಿಯಾಗ ಆಕೀನ್ನ ಕಣಕ್ಕ ಕರಕೊಂಡ ಹೋಗ್ತಿರಲಿಲ್ಲ.”

ಗುರುಶಾಂತವ್ವ ಹುಲ್ಲಿನ ಕೋಣೆಯ ಕೊಂಡಿಯ ಕಡೆ ಒಮ್ಮೆ ನೋಡಿದಳು. ಮಿರಜಿನ ಮಾತೇ ಈ ಬಾಯಲ್ಲೂ ಬಂದಿತ್ತು. ಆದರೆ ಮುಂದಿನ ಕ್ಷಣಕ್ಕೆ ಆ ಅಳುಕು ಸಿಟ್ಟಾಯಿತು.

“ಹಾಂಗಾರ ರೋಗದ ಹುಡಗೀನ್ನ ಮುಚ್ಚಿಟ್ಟು ನಮ್ಮ ಕೊಳ್ಳಿಗೆ ಕಟ್ಟೀರಿ ಅನ್ರಿ.”

ಧೋಂಡಪ್ಪನ ಮುಖ ಕಪ್ಪಿಟ್ಟಿತು. “ಹಂಗಲ್ಲ್ರಿ ಬೀಗತ್ಯಾರ... ಅದೇನ ರೋಗ ಅಲ್ಲ್ರಿ. ನಾಕ ಸೀನು ಅಷ್ಟ. ಆರಾಮ ಅದಾಳ್ರಿ ಆಕಿ.” ಮಗಳನ್ನು ಕರೆದೊಯ್ಯುತ್ತೇನೆಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ರೋಗದವಳೆಂದು ಹೆಸರಾಗಿ ತವರಿಗೆ ಬಂದರೆ ಆಮೇಲೆ ಯಾರು ಕರೆಯಲು ಬರುತ್ತಾರೆ? ಹಬ್ಬದ ಊಟಕ್ಕೂ ನಿಲ್ಲದೆ ಖಾಲಿ ಗಾಡಿ ಹೊಡೆದುಕೊಂಡು ಹೋದ. ಓಣಿ ತಿರುಗುವವರೆಗೂ ಇಂದ್ರವ್ವ ಎತ್ತಿನ ಗೆಜ್ಜೆ ಕೇಳುತ್ತ ನಿಂತಿದ್ದಳು.

ಮರುದಿನ ಪಾಡ್ಯ. ಹೊಸ ಬೆಲ್ಲದ ಮೊದಲ ಸೌದಾ ಅಂದೇ ಆಗಬೇಕು. ಆ ದಿನದ ಶಕುನ ವರ್ಷದ ಶಕುನ. ಇನ್ನೂ ಬೆಳಕು ಹರಿಯುವಾಗಲೇ ಗುರುಶಾಂತವ್ವ ಸೊಸೆಯನ್ನು ಹಿತ್ತಿಲಿಗೆ ನಡೆಸಿದಳು. ಬಾಗಿಲು ತೆರೆದಾಗ ಹೊಸ ಹುಲ್ಲಿನ ಘಾಟು ಮುಖಕ್ಕೆ ಬಡಿಯಿತು. ಇಂದ್ರವ್ವ ಹೊಸ್ತಿಲ ಮೇಲೇ ನಿಂತಳು.

“ಇವತ್ತೊಂದ ದಿನಾ ಬ್ಯಾಡ್ರಿ ಅತ್ತಿ. ನಾ ಸೀನೂದಿಲ್ಲ. ನಿಮ್ಮ ಪಾದದ ಆಣಿ.”

“ಸೀನೂದು ನಿನ್ನ ಕೈಯಾಗ ಐತೇನ? ನಡಿ. ಸೆರಗ ಬಾಯಾಗ ತುಂಬಿಕೋ. ಸೌದಾ ಚಲೋತಂಗ ಆದರ ನಿಂಗೂ ಒಂದು ಇಲಕಲ್ಲ ಸೀರಿ ಕೊಡಸ್ತೇನಿ.”

ಕೊಂಡಿ ಬಿತ್ತು.

ಅಂದು ಯಜಮಾನರು ಬೇಗ ಹೊರಡಲಿಲ್ಲ. ಪೇಟೆಯ ನಾಲ್ಕು ಜನ ಜೊತೆಗೆ ಕರೆದೊಯ್ಯಲು ಮನೆಗೇ ಬಂದರು. ಚಹಾ ಆಯಿತು, ಪೇಡೆ ಆಯಿತು, ಹೋದ ವರ್ಷದ ದರದ ಮಾತಾಯಿತು. ಗುರುಶಾಂತವ್ವ ಬಟ್ಟಲು ತೊಳೆಯಲು ಹಿತ್ತಿಲಿಗೆ ಬಂದಾಗ ಕೋಣೆಯ ಬಾಗಿಲು ಒಳಗಿನಿಂದ ಬಡಿಯುತ್ತಿತ್ತು, ಮೆತ್ತಗೆ, ಅಂಗೈಯಿಂದ.

“ಅತ್ತಿ... ಉಸರ ಬರವಲ್ದು.”

ಗುರುಶಾಂತವ್ವ ಬಾಗಿಲ ಸಂದಿಗೆ ಬಾಯಿ ಇಟ್ಟಳು. “ಮಂದಿ ಬಂದಾರ. ಇನ್ನ ಹೊಂಟಿಲ್ಲ. ಮರ್ಯಾದಿ ಕಳೀಬ್ಯಾಡ. ಸೆರಗ ಗಟ್ಟ್ಯಾಗಿ ತುಂಬಿಕೋ, ಅಂದ್ನಲ್ಲ!”

ಅವಳ ಕೈ ಕೊಂಡಿಯ ಮೇಲೇ ಇತ್ತು. ಎತ್ತಿದರೆ ಸಾಕಿತ್ತು. ಪಡಸಾಲೆಯಿಂದ ಗಂಡನ ನಗು ಕೇಳಿಸಿತು. ಹೊಳೆಯ ದಂಡೆಯಲ್ಲಿ ಧರೆಪ್ಪನ ಚಪ್ಪಲಿಯೊಂದೇ ಸಿಕ್ಕಿದ್ದು ನೆನಪಾಯಿತು. ಕೈ ತೆಗೆದುಕೊಂಡಳು. ಬಡಿತ ಇನ್ನೆರಡು ಸಲ ಕೇಳಿಸಿ ನಿಂತಿತು. ಹೇಳಿದ ಮಾತು ಕೇಳಿದಳಲ್ಲ ಎಂದು ಅತ್ತೆಗೆ ಸಮಾಧಾನವಾಯಿತು.

ಗುರುಸಿದ್ಧಪ್ಪನವರು ರುಮಾಲು ಸುತ್ತಿ ಹೊಸ್ತಿಲಿಗೆ ಬಂದರು. ಮನೆ ಮಂಜುಗಟ್ಟಿದಂತೆ ನಿಂತಿತು. ಬಲಗಾಲು ದಾಟಿತು, ಎಡಗಾಲೂ ದಾಟಿತು. ಅಂಗಳದಲ್ಲಿ ನಿಂತು ತಿರುಗಿ ನೋಡಿದರು. “ಇವತ್ತ ನೋಡು, ಮನಿ ಹೆಂಗ ಶಾಂತ ಐತಿ,” ಎಂದು ಮೆಚ್ಚಿ ನಡೆದರು.

ಯಜಮಾನ ಹೋದ ಬೆನ್ನಿಗೆ ಕಸ ಹೊಡೆಯಬಾರದು, ಮುಚ್ಚಿದ್ದನ್ನು ತೆರೆಯಬಾರದು ಎಂಬುದು ಆ ಮನೆಯ ಇನ್ನೊಂದು ಕಟ್ಟಳೆ. ಬೇರೆ ದಿನ ಅವರು ಓಣಿ ತಿರುಗುವವರೆಗೆ ಕಾದರೆ ಸಾಕಿತ್ತು. ಪಾಡ್ಯದ ದಿನ ಸೌದಾ ಆದ ಸುದ್ದಿ ಬರುವವರೆಗೆ ಕಾಯಬೇಕು. ಗುರುಶಾಂತವ್ವ ಕಾದಳು. ಹೋಳಿಗೆಗೆ ಕಣಕ ನಾದಿದಳು, ಹೂರಣ ರುಬ್ಬಿದಳು. ಹಿತ್ತಿಲ ಕಡೆ ಎರಡು ಸಲ ಕಿವಿಗೊಟ್ಟಳು. ಒಂದೂ ಸೀನಿಲ್ಲ. ಗುಳಿಗೆ ಹಿಡಿಯಿತೇನೋ ಎಂದುಕೊಂಡಳು. ಗುಳಿಗೆ ಮುಗಿದು ಬಹಳ ದಿನವಾಗಿತ್ತು.

ಬಿಸಿಲು ಅಂಗಳದ ನಡುವಿಗೆ ಬಂದಾಗ ಕಾಡಪ್ಪ ಓಡುತ್ತ ಬಂದ, ಅಂಗಿಯ ತುಂಬ ಗುಲಾಲು. “ಅವ್ವಾ, ಸೌದಾ ಆತು! ಮೊದಲನೇ ಬೆರಳಿಗೇ ಆತು. ಅಪ್ಪಾ ಭಾಳ ಖುಷ್ ಅದಾರ.” ಕೈಯಲ್ಲಿದ್ದ ಪೇಡೆ ಒಡೆದು ತಾಯಿಯ ಬಾಯಿಗಿಟ್ಟ. ಅರ್ಧ ಪೇಡೆ ಹಾಗೇ ಹಿಡಿದು ಸುತ್ತ ನೋಡಿದ. “ಆಕಿ ಎಲ್ಲಿ?”

ತಾಯಿ ಹೂರಣದ ಕೈಯಲ್ಲೇ ಎದ್ದಳು. ಹಿತ್ತಿಲಿಗೆ ನಡೆದಳು. ಮೊದಲು ಮೆಲ್ಲಗೆ, ಆಮೇಲೆ ಬೇಗ ಬೇಗ.

ಕೊಂಡಿ ಎತ್ತಿದರೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಒಳಗಿನಿಂದ ಏನೋ ಭಾರವಾಗಿ ಅಡ್ಡವಿತ್ತು. ಗುರುಶಾಂತವ್ವ ಸಂದಿಯಲ್ಲಿ ಮೈ ತೂರಿಸಿ ಒಳಗೆ ಹೋದಳು. ಇಂದ್ರವ್ವ ಬಾಗಿಲಿಗೆ ಒರಗಿ ಕುಸಿದಿದ್ದಳು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತೆರೆದ ಕಣ್ಣಿನ ಮೇಲೆ ಹುಲ್ಲಿನ ಪುಡಿ ಕೂತಿತ್ತು, ರೆಪ್ಪೆ ಮಿಟುಕಲಿಲ್ಲ. ಸೆರಗು ಬಾಯೊಳಗಿತ್ತು, ಹೇಳಿದ್ದಕ್ಕಿಂತ ಗಟ್ಟಿಯಾಗಿ, ಹಲ್ಲು ಕಚ್ಚಿಕೊಂಡು.

ಗುರುಶಾಂತವ್ವ ಅಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿದಳು. ಹುಡುಗಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಲ್ಲಿನ ನಡುವಿನಿಂದ ಸೆರಗನ್ನು ಬಿಡಿಸತೊಡಗಿದಳು. ಅದು ಬರುತ್ತಲೇ ಇತ್ತು, ಮೊಳಗಟ್ಟಲೆ. ಕೆನ್ನೆ ತಟ್ಟಿದಳು. ಕೆನ್ನೆ ತಣ್ಣಗಿತ್ತು. ಮೂಗಿನ ಕೆಳಗೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಹಿಡಿ ಹುಲ್ಲು ಕಿತ್ತು, ಅಂಗೈಯಲ್ಲಿ ಹೊಸೆದು, ಆ ಪುಡಿಯನ್ನು ಅದೇ ಮೂಗಿನ ಹತ್ತಿರ ಹಿಡಿದಳು. ಧೂಳು ಬಾಗಿಲ ಸಂದಿಯ ಬಿಸಿಲಿನಲ್ಲಿ ಬಂಗಾರದಂತೆ ಎದ್ದಿತು.

ಬಾಗಿಲಲ್ಲಿ ಕಾಡಪ್ಪ ಅರ್ಧ ಪೇಡೆ ಹಿಡಿದು ನಿಂತಿದ್ದ. ತಲೆಬಾಗಿಲ ಕಡೆಯಿಂದ ಯಜಮಾನರು ಜನರ ಜೊತೆ ನಗುತ್ತ ಬರುವ ಸಪ್ಪಳ ಕೇಳಿಸುತ್ತಿತ್ತು. ಗುರುಶಾಂತವ್ವನಿಗೆ ಅದು ಕೇಳಿಸಲಿಲ್ಲ. ಅವಳು ಸೊಸೆಯ ಕಿವಿಯ ಹತ್ತಿರ ಬಗ್ಗಿ, ಇಡೀ ಓಣಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು:

“ಸೀನವ್ವಾ. ಒಂದ ಸಲ ಸೀನ, ನನ್ನವ್ವಾ.”