ಕೈಗುಣ

"ಮಾಡೂದಾದ್ರ ನಮ್ಮ ಪ್ರಭಂಜನ ಡಾಕ್ಟ್ರು ಮಾಡ್ಲಿ. ಇಲ್ಲಾಂದ್ರ ನನ್ನ ಅಂಗಿ ಕೊಡ್ರಿ, ಮನೀಗೆ ಹೋಗ್ತೀನಿ," ಎಂದು ಬಸಲಿಂಗಪ್ಪ ಮಂಚದ ಮೇಲೆ ಎದ್ದು ಕುಳಿತೇಬಿಟ್ಟರು. ಆಂಜಿಯೋಗ್ರಾಂ ಪರೀಕ್ಷೆಗೆಂದು ಆಸ್ಪತ್ರೆಯವರು ತೊಡಿಸಿದ್ದ ನಿಲುವಂಗಿ ಭುಜದಿಂದ ಜಾರುತ್ತಿತ್ತು. ಡಲ್ಲಾಸಿನ ಆ ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಅವರ ಮಾತು ತಿಳಿಯುವವರು ಇಬ್ಬರೇ. ಒಬ್ಬ, ಅಲ್ಲೇ ಹತ್ತಿರದ ಕಾಪೆಲ್‌ನಲ್ಲಿ ಮನೆ ಮಾಡಿದ್ದ ಅವರ ಮಗ ಪ್ರಶಾಂತ್. ಇನ್ನೊಬ್ಬ, ಬಾಗಿಲಲ್ಲಿ ಸ್ಟೆಥಾಸ್ಕೋಪು ಹಿಡಿದು ನಿಂತಿದ್ದ ಪ್ರಭಂಜನ.

ಬೆಳಿಗ್ಗೆ ಪ್ರಭಂಜನ ಒಳಗೆ ಕಾಲಿಟ್ಟ ಕೂಡಲೇ ಮುದುಕರು ಗುರುತು ಹಿಡಿದಿದ್ದರು. "ಅಯ್ಯ, ಬ್ಯಾಡಗಿ ಡಾಕ್ಟ್ರು!" ಎಂದು ಅವನ ಎರಡೂ ಕೈ ಹಿಡಿದುಕೊಂಡರು. ಹತ್ತು ವರ್ಷದ ಹಿಂದೆ ಮೆಣಸಿನಕಾಯಿ ಒಣಗಿಸುವ ಕಣದಲ್ಲಿ ಅವರ ಹೆಂಡತಿ ಸುಮಿತ್ರವ್ವನಿಗೆ ಕೆಂಪು ಚೇಳು ಕಡಿದಿತ್ತು. ಉಸಿರು ಸಿಕ್ಕಿಕೊಂಡು ಒದ್ದಾಡುತ್ತಿದ್ದ ಆಕೆಯ ಪಕ್ಕ ಒಂದು ಹಗಲೆಲ್ಲ ಕೂತು ಉಳಿಸಿದವನು ಪ್ರಭಂಜನ. "ಔಷಧ ಎಲ್ಲಾರೂ ಕೊಡ್ತಾರ. ಕೈಗುಣ ಅಂತ ಒಂದು ಇರತೈತಿ ನೋಡ್ರಿ," ಎಂದು ಬಸಲಿಂಗಪ್ಪ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಅಮೆರಿಕಕ್ಕೆ ಬಂದ ಮೇಲೆ ಪ್ರಭಂಜನ ಇಲ್ಲಿನ ವೈದ್ಯರ ಪರೀಕ್ಷೆಗಳನ್ನೂ ಪಾಸು ಮಾಡಿದ್ದ. ಆದರೆ ಮೂರು ವರ್ಷ ಅರ್ಜಿ ಹಾಕಿದರೂ ಮುಂದಿನ ತರಬೇತಿಗೆ ಯಾವ ಆಸ್ಪತ್ರೆಯೂ ಕರೆಯಲಿಲ್ಲ. ಓದು ಮುಗಿಸಿ ಬಹಳ ವರ್ಷವಾಯಿತಲ್ಲ ಅಂದರು. ಕೊನೆಗೆ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಓದಿ ಫಿಸಿಷಿಯನ್ ಅಸಿಸ್ಟೆಂಟ್ ಆದ. ಅಂದರೆ ವೈದ್ಯರ ಕೈಕೆಳಗೆ ರೋಗಿಗಳನ್ನು ನೋಡುವವನು, ವೈದ್ಯನಲ್ಲ. ಈಗ ನಲವತ್ತೈದರಲ್ಲಿ, ಅಂಥ ಸಹಾಯಕರಿಗೆಂದೇ ಇರುವ, ಹೃದಯ ವಿಭಾಗದ ಒಂದು ವರ್ಷದ ಫೆಲೋಶಿಪ್ ತರಬೇತಿ. ಕಲಿಸುವ ಡಾಕ್ಟರ್ ಹಾಲಿಸ್ ಅವನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಬ್ಯಾಡಗಿಯಲ್ಲಿ ಮಾತ್ರ ಅವನು ಈಗಲೂ 'ಅಮೆರಿಕದ ಹಾರ್ಟ್ ಡಾಕ್ಟ್ರು'. ಯಾರೋ ಹಾಗಂದರು, ಊರು ನಂಬಿತು, ತಿದ್ದಲು ಅವನಿಗೆ ನಾಲಿಗೆ ಏಳಲಿಲ್ಲ, ಪಾಪ.

ರೋಗಿಯ ಮುಂದೆ ಹೋದ ಕೂಡಲೇ ತಾನು ಯಾರೆಂದು ಹೇಳಬೇಕು ಎಂಬುದು ಈ ತರಬೇತಿಯಲ್ಲಿ ಕಲಿಸುವ ಮೊದಲ ಪಾಠ. ಎಂಟು ತಿಂಗಳಿಂದ ಅದನ್ನು ತಪ್ಪದೆ ಹೇಳುತ್ತಿದ್ದವನು ಇವತ್ತು ಬೆಳಿಗ್ಗೆ ಕನ್ನಡ ಕೇಳಿದ್ದೇ ನುಂಗಿಕೊಂಡುಬಿಟ್ಟಿದ್ದ.

ಪ್ರಭಂಜನನ ಎದೆಯ ಗುರುತಿನ ಚೀಟಿ ಓದಿದ್ದ ಪ್ರಶಾಂತ್ ಅವನನ್ನು ಹೊರಗೆ ಕರೆದ. "ಡಾಕ್ಟ್ರೇ, ನಾನೇ ಮಾಡ್ತೀನಿ ಅಂದ್ಬಿಡ್ರಿ. ಮಂಪರಿನಾಗ ಯಾರು ಮಾಡಿದ್ರು ಅಂತ ಅಪ್ಪಾಗ ಏನ್ ಗೊತ್ತಾಗತೈತಿ? ಮುಂದಿನ ವಾರ ಊರಿಗೆ ಹೊಂಟಾರ. ಎದಿನೋವು ಇಟ್ಕೊಂಡು ಹೆಂಗ ವಿಮಾನ ಹತ್ತಿಸ್ಲಿ?"

ಎಷ್ಟು ಸುಲಭ! ಒಂದು ಮಾತು ಅಂದರೆ ಮುದುಕರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುತ್ತಾರೆ, ಬ್ಯಾಡಗಿಯಲ್ಲಿ ತನ್ನ ಹೆಸರೂ ಉಳಿಯುತ್ತದೆ. ನಿಜ ಹೇಳಿದರೆ ಅವರು ಎದ್ದು ಹೋದರೂ ಹೋದರೇ. ಮುಂದಿನ ವಾರ ಪೇಟೆಯ ತುಂಬ ಅದೇ ಮಾತು: ಅವ ಡಾಕ್ಟ್ರೇ ಅಲ್ಲಂತ! ಊರ ಬಾಯಿಗೆ ಬೀಗ ಹಾಕಲಾದೀತೇ?

ಪ್ರಭಂಜನ ಒಳಗೆ ಬಂದು ಸ್ಟೂಲ್ ಎಳೆದು ಕುಳಿತ. ಬಸಲಿಂಗಪ್ಪ ಹಳೆಯ ರೂಢಿಯಂತೆ, ಕೇಳದೆಯೇ, ನಾಡಿ ನೋಡಲು ಕೈ ಮುಂದೆ ಚಾಚಿದರು. ಆ ಕೈಯನ್ನು ಕಂಡ ಮೇಲೆ ಅವನಿಂದ ಸುಳ್ಳು ಹೇಳಲಾಗಲಿಲ್ಲ.

"ಬಸಲಿಂಗಪ್ಪಾರ, ಇಲ್ಲೆ ನಾ ಡಾಕ್ಟ್ರಲ್ಲ."

"ಅಂದ್ರ?"

"ಡಾಕ್ಟ್ರ ಕೈಕೆಳಗ ಕೆಲಸ ಮಾಡ್ತೀನಿ. ಇನ್ನೂ ಕಲಿಯಾಕತ್ತೀನಿ. ಎದಿಗೆ ನಳಿಗಿ ಹಾಕಿ ನೋಡೋರು ಹಾಲಿಸ್ ಅಂತ ಡಾಕ್ಟರ್ ಬಾಯಾರು. ಭಾಳ ಶ್ಯಾಣ್ಯಾರು. ನಾ ಅದನ್ನ ಮಾಡೂದಿಲ್ಲ, ಮಾಡಾಕ ಬರೂದೂ ಇಲ್ಲ. ಮುಂಜಾನೇನ ಹೇಳಬೇಕಿತ್ತು. ತಪ್ಪಾತು."

"ಮತ್ತ ಬ್ಯಾಡಗ್ಯಾಗ?"

"ಅಲ್ಲೆ ಡಾಕ್ಟ್ರಿದ್ದೆ."

ಗೋಡೆಗೆ ಒರಗಿದ್ದ ಪ್ರಶಾಂತ್ ಕಣ್ಣು ಮುಚ್ಚಿಕೊಂಡ. ಬಸಲಿಂಗಪ್ಪ ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟರು.

"ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ದರಂತ," ಎಂದರು. "ನಂದೋ, ಮೊದಲೇ ಕೆಟ್ಟ ಎದಿ. ಅದಕ್ಕ ನೀವು ಒದ್ದ್ರಿ ನೋಡ್ರಿ." ನಗಲಿಲ್ಲ. "ಇದರಾಗ ನಿಮ್ಮ ಕೆಲಸ ಏನು ಹಂಗಾರ?"

"ಎಲ್ಲಾ ಮುಗಿದ ಮ್ಯಾಲೆ ತೊಡಿ ಸಂದಿನಾಗಿನ ನಳಿಗಿ ತಗೀತೀನಿ. ರಕ್ತ ಬರದಂಗ ಇಪ್ಪತ್ತು ನಿಮಿಷ ಕೈಲೆ ಒತ್ತಿ ಹಿಡೀತೀನಿ."

"ಅಷ್ಟೇ?"

"ಅಷ್ಟೇ ರೀ."

ಹದಿನಾಲ್ಕು ವರ್ಷ ಸ್ವಂತ ದವಾಖಾನೆ ನಡೆಸಿದವನ ಬಾಯಲ್ಲಿ ಆ ಮಾತು ಕಷ್ಟಪಟ್ಟು ಹೊರಬಂತು. ಮುದುಕರು ಅವನ ಎದೆಯ ಮೇಲೆ ನೇತಾಡುತ್ತಿದ್ದ ಗುರುತಿನ ಚೀಟಿಯನ್ನು ಓದಲು ಬಾರದಿದ್ದರೂ ಒಂದು ಗಳಿಗೆ ದಿಟ್ಟಿಸಿದರು.

"ಆ ಒತ್ತಿ ಹಿಡಿಯೂದು ಬ್ಯಾರೆ ಯಾರ ಕೈಗೂ ಕೊಡಬ್ಯಾಡ್ರಿ ಮತ್ತ. ಎಲ್ಲೆ ಸಹಿ ಮಾಡ್ಲಿ, ತೋರಸ್ರಿ."

ಹತ್ತು ಗಂಟೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಆಪರೇಷನ್ ಬೇಡ, ಮಾತ್ರೆಗಳಲ್ಲೇ ನಿಭಾಯಿಸಬಹುದು ಎಂದು ಡಾಕ್ಟರ್ ಹಾಲಿಸ್ ಹೇಳಿಹೋದಳು. ಪ್ರಭಂಜನ ಕೈಗವಸು ತೊಟ್ಟು, ನಳಿಕೆ ಹೊರಗೆಳೆದು, ಎರಡೂ ಕೈಯಿಂದ ಒತ್ತಿ ಹಿಡಿದ. ಬೆರಳ ಕೆಳಗೆ ಮುದುಕರ ನಾಡಿ ಒಂದೇ ಸಮನೆ ಬಡಿಯುತ್ತಿತ್ತು. ಅವನು ಗೋಡೆಯ ಗಡಿಯಾರ ನೋಡುತ್ತ ನಿಂತ.

ಅಷ್ಟರಲ್ಲಿ ಬ್ಯಾಡಗಿಯಿಂದ ಸುಮಿತ್ರವ್ವನ ಫೋನು. ತಲೆ ಎತ್ತುವಂತಿಲ್ಲವಾದ್ದರಿಂದ ಪ್ರಶಾಂತ್ ಅದನ್ನು ಅಪ್ಪನ ಕಿವಿಗೆ ಹಿಡಿದ.

"ಹೂಂ, ಮುಗೀತು. ಒಬ್ರು ಬಾಯಾರು ಮಾಡಿದ್ರು... ಏ, ಇಲ್ಲೆ ಯಾರದಾರ ಗೊತ್ತೇನ? ನಮ್ಮ ಪ್ರಭಂಜನಪ್ಪಾರು."

ಪ್ರಭಂಜನ ಗಡಿಯಾರದಿಂದ ಕಣ್ಣು ಕೀಳಲಿಲ್ಲ.

"ಇಲ್ಲ, ಇಲ್ಲೆ ಡಾಕ್ಟ್ರಲ್ಲಂತ... ಹೌದು, ಅವರೇ ಹೇಳಿದ್ರು. ಯಾರರ ಕೇಳಿದ್ರ ಹಂಗೇ ಹೇಳು, ಮುಚ್ಚಿಡಬ್ಯಾಡ." ಬಸಲಿಂಗಪ್ಪ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದರು. "ಕೈ ಏನ? ಕೈ ಅದೇ ಐತಿ. ಈಗ ನನ್ನ ಮ್ಯಾಲೇ ಐತಿ."

ಪ್ರಭಂಜನನ ಕಣ್ಣು ತುಂಬಿ ಹನಿಯೊಂದು ಗಲ್ಲದವರೆಗೂ ಇಳಿಯಿತು. ಒರೆಸಿಕೊಳ್ಳಲು ಕೈ ತೆಗೆಯುವಂತಿರಲಿಲ್ಲ. ಇನ್ನೂ ಒಂಬತ್ತು ನಿಮಿಷ ಇತ್ತು.