ಬಸ್ಸಿನ ಮೆಟ್ಟಿಲು

ಈ ಊರಿನ ಕೋರ್ಟಿನಲ್ಲಿ ಓಡಾಡುವ ಕರಿಕೋಟುಗಳಲ್ಲಿ ಮುಕ್ಕಾಲು ಪಾಲು ನಾನೇ ಹೊಲಿದದ್ದು. ಅದಕ್ಕೇ, ಕೇಸನ್ನು ಬೇರೆ ಊರಿನ ಕೋರ್ಟಿಗೆ ಹಾಕಿಸೋಣ ಎಂದು ನಮ್ಮ ವಕೀಲರು ಹೇಳಿದಾಗ ನನಗೆ ನಗು ಬಂತು.

"ನನ್ನ ಹೊಲಿಗೆ ತೊಟ್ಟೋರು ನನಗೇ ಅನ್ಯಾಯ ಮಾಡ್ತಾರಾ ಸಾರ್?"

"ಗೋದಾಮಿನ ಸಾಹುಕಾರನ ಉಪ್ಪು ತಿಂದೋರೂ ಅವರೇ ಅಲ್ವೇನಮ್ಮ," ಎಂದರು ಅವರು. "ಯೋಚನೆ ಮಾಡಿ. ಅರ್ಜಿ ಹಾಕೋದಾದ್ರೆ ಬೇಗ ಹಾಕ್ಬೇಕು."

ಯೋಚನೆಗೆ ಇದ್ದದ್ದು ಒಂದೇ, ಅಮ್ಮನ ಕಾಲು. ಗೋದಾಮಿಗೆ ಬೆಂಕಿ ಬಿದ್ದಾಗ ನನ್ನ ತಮ್ಮ ಒಳಗಿದ್ದ, ಅಲ್ಲೇ ಸತ್ತ. ಬಾಗಿಲಿಗೆ ಹೊರಗಿನಿಂದ ಬೀಗ. ಬೀಗವೇ ಇರಲಿಲ್ಲ ಅನ್ನುತ್ತಾನೆ ಸಾಹುಕಾರ. ಬೀಗ ಕಂಡೆ ಎಂದು ಹೇಳಲು ಸಿದ್ಧಳಾಗಿರುವವಳು, ಮಗನಿಗೆ ಬುತ್ತಿ ಒಯ್ದಿದ್ದ ಅಮ್ಮ ಒಬ್ಬಳೇ. ಈ ಊರಿನಲ್ಲಾದರೆ ಕೋರ್ಟು ನಮ್ಮ ಬೀದಿಯ ಕೊನೆಗಿದೆ, ಗೋಡೆ ಹಿಡಿದುಕೊಂಡಾದರೂ ಹೋದಾಳು. ಆ ಊರಿಗೆ ಅರ್ಧ ದಿನದ ಬಸ್ಸು. ಅವಳ ಮೊಣಕಾಲು ಈಗ ಹೊಸ್ತಿಲು ದಾಟುವುದಕ್ಕೇ ಹೆಣಗುತ್ತದೆ. ಅವಳು ಹೋಗದಿದ್ದರೆ ಕೇಸೇ ಇಲ್ಲ.

ಮಾರನೆಯ ದಿನ ಸಾಹುಕಾರನ ಡ್ರೈವರು ಅಂಗಡಿಗೆ ಬಂದು ಒಂದು ಕರಿ ಗೌನು ಮೇಜಿನ ಮೇಲಿಟ್ಟ. ನಾನೇ ಹೊಲಿದದ್ದು, ಜಡ್ಜರದು.

"ಉದ್ದ ಕಮ್ಮಿ ಮಾಡ್ಬೇಕಂತೆ. ಬೇಗ ಕೊಡಿ ಅಕ್ಕ, ಸಾಹೇಬ್ರು ಸಂಜೆ ನಮ್ಮಲ್ಲಿಗೇ ಊಟಕ್ಕೆ ಬರ್ತಾರೆ."

ಆದರೂ ಅಂಚು ನೆಟ್ಟಗೇ ಹೊಲಿದುಕೊಟ್ಟೆ. ಬಟ್ಟೆ ಏನು ಪಾಪ ಮಾಡಿತ್ತು?

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅಮ್ಮ ಮೊಣಕಾಲು ನೀವಿಕೊಳ್ಳುತ್ತಿದ್ದ ಕೈ ತೆಗೆದಳು.

"ಅವನು ಒಳಗಿಂದ ಕೂಗಿದ್ದೇ ಈ ಊರಿಗೆ ಕೇಳಿಸ್ಲಿಲ್ಲ. ನನ್ನ ಮಾತು ಕೇಳಿಸುತ್ತಾ? ಅಲ್ಲಿಗೇ ಹಾಕ್ಸು."

"ಬಸ್ಸು ಹತ್ತೋದು ಹೇಗಮ್ಮ? ಯಾರಾದ್ರೂ ಎತ್ತಿ ಕೂರಿಸ್ಬೇಕು."

"ಹೆಣದ ಹಾಗೆ ಎತ್ತಿಸ್ಕೊಂಡು ಹೋಗಲ್ಲ ನಾನು. ಮೆಟ್ಟಿಲು ಎಷ್ಟು ಎತ್ತರ ಅಂತ ಅಳತೆ ತಗೊಂಡು ಬಾ."

ನಿಲ್ದಾಣದಲ್ಲಿ ಟೇಪು ಹಿಡಿದು ಬಗ್ಗಿದಾಗ ಕಂಡಕ್ಟರು, "ಬಸ್ಸಿಗೂ ಅಂಗಿ ಹೊಲೀತೀರೇನಮ್ಮ?" ಎಂದ. ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡೆ.

ಮನೆಯ ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದೆ. ಕರುಳು ಕೇಳದೆ, ಅಳತೆಗಿಂತ ನಾಲ್ಕು ಬೆರಳು ಕೆಳಗೇ ಎಳೆದೆ. ಅಮ್ಮ ಕಿಟಕಿಯ ಸರಳು ಹಿಡಿದು, ಹಲ್ಲು ಕಚ್ಚಿ ಕಾಲೆತ್ತಿ ಗೆರೆ ಮುಟ್ಟಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

"ಬಸ್ಸಿನ ಮೆಟ್ಟಿಲು ಇಷ್ಟು ತಗ್ಗಿರಲ್ಲ. ಇದ್ದದ್ದು ಇದ್ದ ಹಾಗೆ ಎಳಿ. ಸಾಕ್ಷಿ ಹೇಳೋಕೆ ಹೋಗೋಳು ನಾನು."

ಒರೆಸಿ, ಸರಿಯಾದ ಎತ್ತರಕ್ಕೆ ಎಳೆದೆ. ಅವಳ ಪಾದ ಅಲ್ಲಿಗೆ ಮುಟ್ಟಲಿಲ್ಲ. ಮತ್ತೆ ಎತ್ತಿದಳು.